ಸಂಗೀತ ಕಾರ್ಯಕ್ರಮಗಳಲ್ಲಿ ಕಿವಿಬಿರಡೆಯ ಬಳಕೆ

ಕಿವಿಬಿರಡೆ ಎಂಬುದು ಕಿವಿಯ ನಾಳದೊಳಗೆ ಇರಿಸಿಕೊಳ್ಳುವ, ಒಳಕಿವಿಯನ್ನು ತಲುಪುವ ಶಬ್ದದ ಪ್ರಮಾಣವನ್ನು ತಗ್ಗಿಸುವ ಸಣ್ಣ ಸಾಧನ. ಆಡುಮಾತಿನಲ್ಲಿ ಇಯರ್‌ಪ್ಲಗ್ ಎಂಬ ಹೆಸರೇ ರೂಢಿಯಲ್ಲಿದೆ. ಕಾರ್ಖಾನೆ, ವಿಮಾನ ನಿಲ್ದಾಣ ಮುಂತಾದ ಸದ್ದಿನ ಸ್ಥಳಗಳಲ್ಲಿ ಇದರ ಬಳಕೆ ಹಳೆಯದು. ಧ್ವನಿವರ್ಧಕಗಳನ್ನು ಬಳಸುವ ಸಂಗೀತ ಕಾರ್ಯಕ್ರಮಗಳಲ್ಲಿ ಕಲಾವಿದರೂ ಶ್ರೋತೃಗಳೂ ಇದನ್ನು ಧರಿಸುವುದು ಇತ್ತೀಚಿನ ದಶಕಗಳಲ್ಲಿ ಬೆಳೆದುಬಂದ ಅಭ್ಯಾಸ. ಕರ್ನಾಟಕದಲ್ಲಿ ಇದು ಇನ್ನೂ ವಿರಳ.

ಶ್ರವಣ ಹಾನಿ ಉಂಟಾಗುವ ಬಗೆ

ಒಳಕಿವಿಯ ಶಂಖಾಕೃತಿಯ ಭಾಗವಾದ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನಗಳನ್ನು ನರಸಂಕೇತಗಳಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಅತಿಯಾದ ಶಬ್ದಕ್ಕೆ ಸಿಲುಕಿದ ರೋಮಕೋಶಗಳು ಮೊದಲು ಬಳಲುತ್ತವೆ. ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗ ಕಿವಿ ಮಂದವಾದಂತೆ, ಒಳಗೆ ಕುಯ್ ಎಂಬ ಸದ್ದು ಮೊರೆದಂತೆ ಅನಿಸುವುದು ಇದರಿಂದಲೇ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ಸರಿಹೋಗುತ್ತದೆ. ಮತ್ತೆ ಮತ್ತೆ ಹೀಗಾದರೆ ಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮರಳಿ ಹುಟ್ಟುವುದಿಲ್ಲ; ಆದ್ದರಿಂದ ಈ ಬಗೆಯ ಕಿವುಡಿಗೆ ಔಷಧವಿಲ್ಲ, ಶ್ರವಣ ಸಾಧನವೊಂದೇ ಆಸರೆ.

ಹಾನಿ ಮೊದಲು ಕಾಣಿಸಿಕೊಳ್ಳುವುದು 3,000ದಿಂದ 6,000 ಹರ್ಟ್ಸ್‌ವರೆಗಿನ ಎತ್ತರದ ಕಂಪನಾಂಕಗಳಲ್ಲಿ. ಕನ್ನಡದ ಸ, ಶ, ಷ ಧ್ವನಿಗಳ ಬಲವೂ ಹೆಚ್ಚಾಗಿ ಈ ಎತ್ತರದಲ್ಲೇ ಇದೆ. ಹೀಗಾಗಿ ಕಿವಿ ಕೆಟ್ಟವರಿಗೆ ಮಾತು ಕೇಳುತ್ತದೆ, ಆದರೆ ‘ಸಾಲು’ ಯಾವುದು ‘ಹಾಲು’ ಯಾವುದು ಎಂದು ತಿಳಿಯುವುದಿಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗ ಪದೇ ಪದೇ ತಪ್ಪು ಬರೆದರೆ ಅದು ಅಲಕ್ಷ್ಯವೆಂದು ಶಿಕ್ಷಕರು ಭಾವಿಸುವುದುಂಟು. ಅಂಥವನ ಕಿವಿಯನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಉತ್ತಮ.

ಶಬ್ದದ ಮಟ್ಟ ಮತ್ತು ಕಾಲಮಿತಿ

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 8 ಗಂಟೆ ಸಹಿಸಬಹುದಾದ ಗರಿಷ್ಠ ಮಟ್ಟ 85 ಡೆಸಿಬೆಲ್. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. 100 ಡೆಸಿಬೆಲ್ ಇರುವಲ್ಲಿ ಮೂರು ಗಂಟೆ ನಿಂತವರು ಒಂದು ದಿನದ ಮಿತಿಯ ಹನ್ನೆರಡು ಪಟ್ಟು ಶಬ್ದವನ್ನು ಕಿವಿಗೆ ತುಂಬಿಕೊಂಡಂತಾಯಿತು. ಅದೇ ಸ್ಥಳದಲ್ಲಿ 15 ಡೆಸಿಬೆಲ್ ತಗ್ಗಿಸುವ ಬಿರಡೆ ಧರಿಸಿದ್ದರೆ ಕಿವಿಗೆ ತಲುಪುವುದು 85 ಮಾತ್ರ.

2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಗೀತೋತ್ಸವವೊಂದರಲ್ಲಿ 51 ಮಂದಿಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಲಾಯಿತು. ಸುಮಾರು 100 ಡೆಸಿಬೆಲ್ ಸರಾಸರಿಯ ಸಂಗೀತವನ್ನು ನಾಲ್ಕೂವರೆ ಗಂಟೆ ಕೇಳಿದ ಬಳಿಕ, ಬಿರಡೆ ಧರಿಸದವರ ಕಿವಿಗಳಲ್ಲಿ ಶೇ. 42ರಷ್ಟು ತಾತ್ಕಾಲಿಕವಾಗಿ ಮಂದವಾಗಿದ್ದವು, ಧರಿಸಿದವರಲ್ಲಿ ಶೇ. 8 ಮಾತ್ರ.

ಬೆಂಗಳೂರಿನಲ್ಲಿ

ಪಾಶ್ಚಾತ್ಯ ರಾಕ್ ಸಂಗೀತದ ದೊಡ್ಡ ಕಾರ್ಯಕ್ರಮಗಳಿಗೆ ಬೆಂಗಳೂರು ಹೆಸರಾಗಿದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡಗಳು ಸಹಸ್ರಾರು ಜನರ ಮುಂದೆ ನುಡಿಸಿದವು. ಆ ಮೆಟಾಲಿಕಾದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಸ್ವತಃ ಕಿವಿಮೊರೆತದಿಂದ ಬಳಲುತ್ತಿರುವುದನ್ನು ಬಹಿರಂಗವಾಗಿ ಹೇಳಿಕೊಂಡವರು. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಕೂಡ ತಮ್ಮ ಶ್ರವಣ ನಷ್ಟವನ್ನು ಮುಚ್ಚಿಡಲಿಲ್ಲ.

ಆದರೆ ಬಹುಪಾಲು ಜನರ ಕಿವಿಗೆ ಅಪಾಯ ಬರುವುದು ಚೀಟಿ ಕೊಂಡು ಹೋಗುವ ಇಂಥ ಕಾರ್ಯಕ್ರಮಗಳಿಂದಲ್ಲ. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಂತೆ ಹಳೆಯ ಊರೂ ಹೊಸ ಬಡಾವಣೆಗಳೂ ಬೆರೆತ ದಕ್ಷಿಣ ಬೆಂಗಳೂರಿನ ಪ್ರದೇಶಗಳಲ್ಲಿ ಗಣೇಶನ ಹಬ್ಬ, ಅಣ್ಣಮ್ಮ ದೇವಿಯ ಉತ್ಸವ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವ ಇವೆಲ್ಲಕ್ಕೂ ಬೀದಿಯಲ್ಲೇ ಪೆಂಡಾಲು, ಆರ್ಕೆಸ್ಟ್ರಾ, ಆಳೆತ್ತರದ ಸ್ಪೀಕರುಗಳು ಇರುತ್ತವೆ. ಮುಂದಿನ ಸಾಲಿನಲ್ಲಿ, ಸ್ಪೀಕರಿನ ಬುಡದಲ್ಲಿ ಕುಣಿಯುವವರು ಸಾಮಾನ್ಯವಾಗಿ ಮಕ್ಕಳು. ವಿಸರ್ಜನೆಯ ಮೆರವಣಿಗೆಯಲ್ಲಿ ತಂದೆಯ ಹೆಗಲ ಮೇಲೆ ಕುಳಿತ ಕೂಸಿನ ಕಿವಿ ಡಿಜೆ ವಾಹನದ ಸ್ಪೀಕರಿಗೆ ನೇರವಾಗಿರುತ್ತದೆ.

ತಮಟೆ, ಡೊಳ್ಳು, ಯಕ್ಷಗಾನದ ಚೆಂಡೆ ಇವು ಧ್ವನಿವರ್ಧಕವಿಲ್ಲದೆಯೇ ಜೋರಾದ ವಾದ್ಯಗಳು. ಇವನ್ನು ಬಾರಿಸುವವರು ಸದ್ದಿನಿಂದ ದೂರ ಸರಿಯಲಾರರು; ಅದೇ ಅವರ ಜೀವನೋಪಾಯ. ಇರುಳೆಲ್ಲ ಚೆಂಡೆಯ ಪಕ್ಕದಲ್ಲೇ ಕುಳಿತು ಹಾಡುವ ಭಾಗವತರ ಸ್ಥಿತಿಯೂ ಇದೇ. ರಕ್ಷಣೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ಈ ಕಲಾವಿದರಿಗೆ.

ವಿಧಗಳು

ಮೇಣ ಮತ್ತು ಹತ್ತಿಯಿಂದ ಮಾಡಿದ ಓರೋಪ್ಯಾಕ್ಸ್ ಬಿರಡೆಗಳನ್ನು ಜರ್ಮನಿಯ ಮ್ಯಾಕ್ಸ್ ನೆಗ್ವರ್ 1907ರಲ್ಲಿ ತಯಾರಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವುದು ಹಿಂಡಿದರೆ ಕುಗ್ಗಿ ನಿಧಾನವಾಗಿ ಹಿಗ್ಗುವ ಫೋಮ್ ಬಿರಡೆ. ಇದು ಅಗ್ಗ, ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ತಗ್ಗಿನ ಸ್ವರಗಳಿಗಿಂತ ಎತ್ತರದ ಸ್ವರಗಳನ್ನು ಹೆಚ್ಚಾಗಿ ತಡೆಯುವುದರಿಂದ ಸಂಗೀತ ಕಂಬಳಿಯ ಮರೆಯಿಂದ ಬಂದಂತೆ ಕೇಳುತ್ತದೆ. ಈ ಕೊರತೆಯನ್ನು ನೀಗಿಸಲು 1980ರ ದಶಕದ ಕೊನೆಯಲ್ಲಿ ಅಮೆರಿಕದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ ಸಂಗೀತಗಾರರ ಬಿರಡೆಯನ್ನು ಹೊರತಂದಿತು. ಅದರೊಳಗಿನ ಸಣ್ಣ ಶೋಧಕ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ 15 ಡೆಸಿಬೆಲ್ ತಗ್ಗಿಸುತ್ತದೆ. ಶ್ರುತಿಯ ಸೂಕ್ಷ್ಮ ಉಳಿಯುತ್ತದೆ. ಕಿವಿಯ ಅಚ್ಚು ತೆಗೆದು ಮಾಡಿಸುವ ಬಿರಡೆಗೆ ಶ್ರವಣತಜ್ಞರ ನೆರವು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ರಾಜ್ಯದ ಪ್ರಮುಖ ಕೇಂದ್ರ.

ನಮ್ಮಲ್ಲಿ ಸದ್ದು ಹೆಚ್ಚಾದರೆ ಕಿವಿಗೆ ಹತ್ತಿ ತುರುಕಿಕೊಳ್ಳುವ ರೂಢಿಯಿದೆ. ಒಣ ಹತ್ತಿ ತಡೆಯುವ ಶಬ್ದ ಅತ್ಯಲ್ಪ. ಧರಿಸಿದವರಿಗೆ ಧೈರ್ಯ ಬರುತ್ತದೆಯೇ ಹೊರತು ರಕ್ಷಣೆ ದೊರೆಯುವುದಿಲ್ಲ.

ಧರಿಸುವ ಕ್ರಮ

ಫೋಮ್ ಬಿರಡೆಯನ್ನು ಶುಚಿಯಾದ ಬೆರಳುಗಳಿಂದ ದೀಪದ ಬತ್ತಿಯಂತೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೆ, ಹಿಂದಕ್ಕೆ ಎಳೆದರೆ ನಾಳ ನೇರವಾಗುತ್ತದೆ. ಆಗ ಬಿರಡೆಯನ್ನು ಒಳಸೇರಿಸಿ, ಅದು ಹಿಗ್ಗುವವರೆಗೆ 20–30 ಸೆಕೆಂಡು ಒತ್ತಿಹಿಡಿಯಬೇಕು. ಅರ್ಧ ಹೊರಗೆ ಚಾಚಿಕೊಂಡ ಬಿರಡೆಯಿಂದ ಪೊಟ್ಟಣದ ಮೇಲೆ ನಮೂದಿಸಿದ ಪ್ರಮಾಣದ ರಕ್ಷಣೆ ದೊರೆಯದು. ಧರಿಸಿದಾಗ ಸ್ವಂತ ಧ್ವನಿ ಗುಂಯ್‌ಗುಡುವುದು ಸಹಜ. ಗಾಯಕರು ಇದನ್ನು ಇಷ್ಟಪಡದಿರಲು ಇದೇ ಕಾರಣ.

ಕಿವಿ ಸೋರುತ್ತಿದ್ದರೆ, ನೋವಿದ್ದರೆ ಅಥವಾ ತಮಟೆ ಹರಿದಿದ್ದರೆ ವೈದ್ಯರನ್ನು ಕೇಳದೆ ಬಿರಡೆ ಬಳಸಬಾರದು. ಪುಟ್ಟ ಮಕ್ಕಳಿಗೆ ಕಿವಿಯನ್ನು ಹೊರಗಿನಿಂದ ಮುಚ್ಚುವ ರಕ್ಷಾಕವಚವೇ ಸೂಕ್ತ. ಸಣ್ಣ ಬಿರಡೆಯನ್ನು ಅವರು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ.

ಕಾನೂನು ಮತ್ತು ಮಾರ್ಗಸೂಚಿ

ಭಾರತದ ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ, ಹಬ್ಬಗಳ ಸಂದರ್ಭದಲ್ಲಿ ಮಧ್ಯರಾತ್ರಿವರೆಗೆ ವಿನಾಯಿತಿ ನೀಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಈ ಮಿತಿಗಳೆಲ್ಲ ನೆರೆಹೊರೆಯವರ ನೆಮ್ಮದಿಯನ್ನು ಕುರಿತವು. ವೇದಿಕೆಯ ಮುಂದೆ ಕುಳಿತ ಶ್ರೋತೃವಿನ ಕಿವಿಗೆ ಎಷ್ಟು ಶಬ್ದ ತಲುಪಬಹುದೆಂಬುದನ್ನು ಅವು ಹೇಳುವುದಿಲ್ಲ. ಅದನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಅದರಂತೆ ಕಾರ್ಯಕ್ರಮದ ಶಬ್ದ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್ ಮೀರಬಾರದು. ಶ್ರೋತೃಗಳಿಗೆ ಬಿರಡೆಗಳು ಸ್ಥಳದಲ್ಲೇ ದೊರೆಯಬೇಕು, ಕಿವಿಗೆ ವಿಶ್ರಾಂತಿ ನೀಡಲು ನಿಶ್ಶಬ್ದ ಜಾಗವೊಂದಿರಬೇಕು.