ಹಿಮದೂರಿನಲ್ಲಿ ಬಿಸಿಲುನಾಡಿನ ಪಾಠ

ಸ್ವೀಡನ್ನಿನ ಉಪ್ಸಾಲದಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು, ಬೀದಿ ತುಂಬ ಹಿಮ. 18ನೇ ಶತಮಾನದಲ್ಲಿ ಈ ಊರಿನಲ್ಲಿ ಓದಿದ ತರುಣರೇ ಚೀನಾ, ಯೆಮನ್, ಜಾವಾ, ವೆನೆಜುವೆಲಾಗಳ ಕಡೆ ಗಿಡ, ಹಕ್ಕಿ, ಕೀಟಗಳನ್ನು ಹುಡುಕಿಕೊಂಡು ಹೊರಟರು. ಅವರನ್ನು ಅಣಿಗೊಳಿಸಿದ ಗುರು ಕಾರ್ಲ್ ಲಿನೇಯಸ್. ಆತ ಯುರೋಪಿನಾಚೆ ಕಾಲಿಟ್ಟವನೇ ಅಲ್ಲ.

ವಿಶ್ವವಿದ್ಯಾಲಯದ ತೋಟವೇ ಅವರ ಪಾಠಶಾಲೆ. 1740ರ ದಶಕದಲ್ಲಿ ಅಲ್ಲಿ ಕಟ್ಟಿದ ಸಸ್ಯಗೃಹದಲ್ಲಿ ಬಿಸಿ ದೇಶದ ಗಿಡಗಳಿಗೆಂದೇ ಒಂದು ಭಾಗವಿತ್ತು. ಗಾಜಿನ ಕಿಟಕಿಗಳನ್ನು ಓರೆಯಾಗಿ ಕೂರಿಸಿದ್ದರಿಂದ ಬರಿಯ ಬಿಸಿಲಿಗೇ ಒಳಗಿನ ಶಾಖ ಎಷ್ಟೋ ಸಲ 30 ಡಿಗ್ರಿ ಮುಟ್ಟುತ್ತಿತ್ತು. ಚಳಿಗಾಲದಲ್ಲಿ ಅದು 15ಕ್ಕಿಂತ ಕೆಳಗಿಳಿಯದಂತೆ ತೋಟಗಾರ ಕಾಯುತ್ತಿದ್ದ. 1745ರಲ್ಲಿ ಬಂದ ತೋಟದ ವಿವರಣೆಯಲ್ಲೇ ಈ ಲೆಕ್ಕವಿದೆ. ಹೊರಗೆ ಕಂಬಗಳ ಮೇಲಿನ ಪುಟ್ಟ ಗೂಡುಗಳಲ್ಲಿ ಕೋತಿಗಳೂ ಇದ್ದವು. ಓದಲು 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಇತ್ತು. ನಮ್ಮ ಪಶ್ಚಿಮ ಕರಾವಳಿಯ ಗಿಡಮರಗಳನ್ನು ಲಿನೇಯಸ್ ಅರಿತದ್ದು ಬಹುಪಾಲು ಅದರಿಂದಲೇ.

ಹಿಮ ಕರಗಿ ಬೇಸಿಗೆ ಬಂದರೆ ತೆಳು ಬಟ್ಟೆ ತೊಟ್ಟು ಊರಾಚೆ ನಡಿಗೆ. ಒಬ್ಬ ಟಿಪ್ಪಣಿ ಬರೆಯಬೇಕು, ಇನ್ನೊಬ್ಬ ಹಕ್ಕಿ ಹೊಡೆಯಬೇಕು, ಮತ್ತೊಬ್ಬ ಶಿಸ್ತು ನೋಡಿಕೊಳ್ಳಬೇಕು. ದೂರದ ಕಾಡಿನಲ್ಲಿ ಇವಿಷ್ಟನ್ನೂ ಒಬ್ಬನೇ ಮಾಡಬೇಕಿತ್ತು.

ಮೊದಲು ಹೊರಟವನು ಕ್ರಿಸ್ಟೋಫರ್ ಟರ್ನ್‌ಸ್ಟ್ರೋಮ್, 1746ರಲ್ಲಿ, ಚೀನಾದತ್ತ. ಗುರು ಕೊಟ್ಟ ಪಟ್ಟಿಯಲ್ಲಿ ಕುಂಡದಲ್ಲಿ ನೆಟ್ಟ ಚಹಾ ಗಿಡ, ಅದಾಗದಿದ್ದರೆ ಬೀಜ, ಯುವರಾಣಿಗೆ ಜೀವಂತ ಚಿನ್ನದ ಮೀನು ಇದ್ದವು. ಅದೇ ವರ್ಷದ ಕೊನೆಗೆ, ಚೀನಾ ಮುಟ್ಟುವ ಮುನ್ನವೇ, ಇಂದಿನ ವಿಯೆಟ್ನಾಮಿಗೆ ಸೇರಿದ ಪುಲೊ ಕಾಂಡೋರ್ ದ್ವೀಪದಲ್ಲಿ ಆತ ತೀರಿಕೊಂಡ. ಮಕ್ಕಳೊಂದಿಗೆ ಉಳಿದ ವಿಧವೆ ಲಿನೇಯಸ್‌ನನ್ನೇ ದೂರಿದಳು. ಮುಂದೆ ಆತ ಮದುವೆಯಾಗದವರನ್ನಷ್ಟೇ ಆರಿಸಿದ.

ಸಾವು ಅಷ್ಟಕ್ಕೆ ನಿಲ್ಲಲಿಲ್ಲ. ಪೆಹ್ರ್ ಲೋಫ್ಲಿಂಗ್ 1756ರಲ್ಲಿ ವೆನೆಜುವೆಲಾದಲ್ಲಿ ಸತ್ತಾಗ ವಯಸ್ಸು 27. ಅರಬ್ಬಿ ಕಲಿತು ಹೋದ ಪೀಟರ್ ಫೋರ್ಸ್ಕಾಲ್ 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾಕ್ಕೆ ಬಲಿಯಾದ, ಆತನಿಗೆ 31. ಸಸ್ಯಗೃಹದಲ್ಲಿ ಬಿಸಿ ನಾಡಿನ ಗಿಡಗಳ ಪರಿಚಯವಾಗುತ್ತಿತ್ತು. ಅಲ್ಲಿನ ಜ್ವರಕ್ಕೆ ಮಾತ್ರ ಯಾವ ಸಿದ್ಧತೆಯೂ ಇರಲಿಲ್ಲ. ಲಿನೇಯಸ್ ‘ಅಪೋಸ್ತಲರು’ ಎಂದು ಕರೆದ 17 ಶಿಷ್ಯರಲ್ಲಿ 7 ಮಂದಿ ಪ್ರಯಾಣದಲ್ಲೇ ಮಡಿದರು.

1759ರಲ್ಲಿ ಪ್ರಯಾಣಿಕರಿಗೆಂದೇ ಸೂಚನೆಗಳ ಪ್ರಬಂಧವೊಂದು ಉಪ್ಸಾಲದಿಂದ ಹೊರಬಂತು. ಆದರೆ ಚೀನಾದಿಂದ ಚಹಾ ಗಿಡ ತರುವ ತೊಡಕನ್ನು ಬಿಡಿಸಿದವನು ಹಡಗಿನ ಕಪ್ತಾನ ಕಾರ್ಲ್ ಗುಸ್ತಾವ್ ಎಕೆಬರ್ಗ್. ಎಣ್ಣೆಯಂಶದ ಚಹಾ ಬೀಜ ತಿಂಗಳುಗಟ್ಟಲೆ ಪಯಣದಲ್ಲಿ ಕಮಟಾಗಿ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ಆತ ಚೀನಾ ಬಿಡುವಾಗಲೇ ಬೀಜಗಳನ್ನು ಕುಂಡದ ಮಣ್ಣಿಗೆ ಹಾಕಿದ. ಅವು ದಾರಿಯಲ್ಲೇ ಮೊಳೆತು, 1763ರಲ್ಲಿ ಸಸಿಗಳಾಗಿ ಉಪ್ಸಾಲದ ತೋಟ ತಲುಪಿದವು.