ಚಾಂದ್ ಬೀಬಿ ಬೆಳೆಸಿದ ಹುಡುಗ

ಮಕ್ಕಳಿಗೆ ಚಾಂದ್ ಬೀಬಿಯ ಕಥೆ ಹೇಳುವಾಗ ನಾವು ಅಹ್ಮದ್‌ನಗರದ ಕೋಟೆಯಿಂದಲೇ ಶುರು ಮಾಡುತ್ತೇವೆ. ಕುದುರೆ, ಕತ್ತಿ, ಒಡೆದ ಗೋಡೆ. ಹುಡುಗಿಯರು ಕಣ್ಣರಳಿಸಿ ಕೇಳುತ್ತಾರೆ. ಹುಡುಗರು ಇದು ತಮಗಲ್ಲ ಎಂಬಂತೆ ಕೂತಿರುತ್ತಾರೆ. ಆದರೆ ಈ ಕಥೆಯ ಮೊದಲ ಭಾಗದಲ್ಲಿ ಒಬ್ಬ ಹುಡುಗನೂ ಇದ್ದಾನೆ.

ಚಾಂದ್ ಬೀಬಿ ಅಹ್ಮದ್‌ನಗರದ ಹುಸೇನ್ ನಿಜಾಮ್‌ಶಾಹನ ಮಗಳು. ಬಿಜಾಪುರದ ಒಂದನೇ ಅಲಿ ಆದಿಲ್‌ಶಾಹನನ್ನು ಮದುವೆಯಾಗಿ ಬಂದಳು. ಅಫಜಲಪುರ, ಜೇವರ್ಗಿಯ ನಮ್ಮ ಭೀಮಾ ತೀರವೂ ಆಗ ಅದೇ ರಾಜ್ಯದಲ್ಲಿತ್ತು. ಅರಬಿ, ಪಾರ್ಸಿಯ ಜೊತೆಗೆ ಮರಾಠಿ, ಕನ್ನಡವೂ ಆಕೆಗೆ ಬರುತ್ತಿದ್ದವು ಎಂದು ಹೇಳುತ್ತಾರೆ. 1580ರಲ್ಲಿ ಅಲಿಯ ಕೊಲೆಯಾಯಿತು. ಅವನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹೀಮ್, ಗದ್ದುಗೆ ಏರಿದ. ಹುಡುಗನ ಪಾಲನೆ, ಶಿಕ್ಷಣ ಚಾಂದ್ ಬೀಬಿಯ ಪಾಲಿಗೆ ಬಂತು. ರಾಜ್ಯದ ಹೊಣೆ ಹೊತ್ತು ದರ್ಬಾರಿನಲ್ಲಿ ಮಾತಾಡುವ ಹೆಂಗಸನ್ನು ಆ ಹುಡುಗ ದಿನಾಲೂ ಕಂಡ. ಹೆಣ್ಣು ಏನು ಮಾಡಬಲ್ಲಳು ಎಂದು ಅವನಿಗೆ ಬೇರೆ ಪಾಠ ಬೇಕಿತ್ತೇ?

ಎಲ್ಲರಿಗೂ ಇದು ಹಿಡಿಸಲಿಲ್ಲ. ಅಧಿಕಾರ ಕೈಗೆ ತಗೊಂಡ ಕಿಶ್ವರ್ ಖಾನ್ ಆಕೆಯನ್ನು ಸಾತಾರಾದ ಕೋಟೆಗೆ ಕಳಿಸಿ ಸೆರೆಯಲ್ಲಿಟ್ಟ. ಅವನು ಓಡಿಹೋದ ಮೇಲೆ ಆಕೆ ಬಿಡುಗಡೆಯಾಗಿ ಬಿಜಾಪುರಕ್ಕೆ ಮರಳಿದಳು. ಮುಂದೆ ತವರು ಅಹ್ಮದ್‌ನಗರಕ್ಕೆ ಹೋದಳು.

1595ರ ಕೊನೆಗೆ ಮೊಘಲ್ ಶಾಹಜಾದಾ ಮುರಾದ್ ಅಹ್ಮದ್‌ನಗರವನ್ನು ಮುತ್ತಿದ. ಮದ್ದು ಸಿಡಿಸಿ ಕೋಟೆಯ ಗೋಡೆ ಒಡೆದಾಗ ಚಾಂದ್ ಬೀಬಿ ಮುಸುಕು ಹಾಕಿ, ಕತ್ತಿ ಹಿಡಿದು, ಅದೇ ಬಿರುಕಿನಲ್ಲಿ ನಿಂತಳು. ರಾತ್ರೋರಾತ್ರಿ ಗೋಡೆ ಮತ್ತೆ ಎದ್ದಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಆಕೆ ಸಹಾಯ ಕೇಳಿದ್ದು ಬಿಜಾಪುರಕ್ಕೆ. ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಇಬ್ರಾಹೀಮ್ ಆದಿಲ್‌ಶಾಹ ಸುಹೈಲ್ ಖಾನನ ಕೈಯಲ್ಲಿ ಸೈನ್ಯ ಕೊಟ್ಟು ಕಳಿಸಿದ. ಆ ಸೈನ್ಯ ಹತ್ತಿರ ಬರುತ್ತಿರುವ ಸುದ್ದಿ ಕೇಳಿ ಮುರಾದನ ಕಡೆಯವರೂ ಸಂಧಿಗೆ ಒಪ್ಪಿದರು. ಬೇರಾರ್ ಪ್ರಾಂತ ಹೋಯಿತು, ಅಹ್ಮದ್‌ನಗರ ಉಳಿಯಿತು.

ನಮ್ಮ ಮನೆಗಳಲ್ಲಿ ನೀರಿನ ಕೊಡ ಹುಡುಗಿಗೆ, ಸೈಕಲ್ ಹುಡುಗನಿಗೆ ಎಂದು ನಾಲ್ಕನೇ ವರ್ಷಕ್ಕೇ ಹಂಚಿಕೆಯಾಗಿಬಿಟ್ಟಿರುತ್ತದೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು 74 ಮಂದಿ ಅಕ್ಷರ ಬಲ್ಲವರಾದರೆ ಹೆಂಗಸರಲ್ಲಿ ಸುಮಾರು 55 ಮಾತ್ರ. ಪ್ರವಾದಿಯವರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು ಎಂದು ಹಜ್ರತ್ ಆಯಿಶಾ(ರ) ಹೇಳಿದ್ದನ್ನು ನಾವು ಜುಮಾದಲ್ಲಿ ಕೇಳುತ್ತೇವೆ. ಮನೆಗೆ ಬಂದು ತಟ್ಟೆಯನ್ನು ಮಗಳ ಕೈಯಲ್ಲೇ ಎತ್ತಿಸುತ್ತೇವೆ. ಮಗ ನೋಡುತ್ತಿರುತ್ತಾನೆ.

1600ರಲ್ಲಿ ಮೊಘಲರು ಮತ್ತೆ ಬಂದರು. ಚಾಂದ್ ಬೀಬಿ ಸಂಧಿಯ ಮಾತೆತ್ತಿದ್ದಕ್ಕೆ ದ್ರೋಹಿ ಎಂದು ಕೂಗಿ ಆಕೆಯ ಸೈನಿಕರೇ ಆಕೆಯನ್ನು ಕೊಂದರು. ಏಳೆಂಟು ವರ್ಷದ ಮಕ್ಕಳಿಗೆ ನಾನು ಈ ಭಾಗ ಹೇಳುವುದಿಲ್ಲ. ಸ್ವಲ್ಪ ದೊಡ್ಡವರಾದ ಮೇಲೆ ಅವರೇ ಕೇಳುತ್ತಾರೆ, ಹೆಚ್ಚಾಗಿ ಹುಡುಗರೇ.