ಸಮುದಾಯ ಬಾನುಲಿ: ಹಕ್ಕೊತ್ತಾಯ ಮತ್ತು ಆರ್ಥಿಕ ಆಧಾರ

ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ವಾಯ್ಸಸ್ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಸಮಾವೇಶಗೊಂಡ ಬಾನುಲಿ ತಜ್ಞರೂ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳೂ ಸಮುದಾಯ ಬಾನುಲಿಗೆ ಅವಕಾಶ ಕೋರಿ ‘ಬೆಂಗಳೂರು ಘೋಷಣೆ’ಯನ್ನು ಹೊರಡಿಸಿದರು. ಪರವಾನಗಿ ದೊರೆಯದ ಆ ಕಾಲಘಟ್ಟದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯು ಯುನೆಸ್ಕೊ ನೆರವಿನಿಂದ, ಗ್ರಾಮಸ್ಥರೇ ರೂಪಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿತು. 2006ರ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಪ್ರಸಾರದ ಬಾಗಿಲು ತೆರೆಯಿತಾದರೂ ಜಾಹೀರಾತನ್ನು ಗಂಟೆಗೆ 5 ನಿಮಿಷಗಳಿಗೆ ಸೀಮಿತಗೊಳಿಸಿತು. ಆ ಮಿತಿಯು 12 ನಿಮಿಷಗಳಿಗೇರಿದ್ದು 2024ರಲ್ಲಿ. ಹಾಡು, ಕಥನಗಳು ಜನಪದರ ಕೊಡುಗೆಯಾಗಿ ದೊರೆಯಬಹುದು. ವಿದ್ಯುತ್ತು, ಯಂತ್ರಗಳ ದುರಸ್ತಿ, ಕಾರ್ಯಕರ್ತರ ಸಂಭಾವನೆಗಳಿಗೆ ಹಣವೇ ಬೇಕು. ಪ್ರಸಾರದ ಹಕ್ಕು ದೊರೆತ ಮಾತ್ರಕ್ಕೆ ಪ್ರಸಾರದ ಬಾಳಿಕೆ ಸಿದ್ಧಿಸುವುದಿಲ್ಲವೆಂಬುದೇ ಈ ಇತಿಹಾಸದಿಂದ ವ್ಯಕ್ತವಾಗುವ ಸತ್ಯ.